‘ಸುಮೇರಿಯನ್ ಅರ್ಚಕಿ’ಯ ಮೂರ್ತಿ ಕೊಳ್ಳುವ ಮುನ್ನ ಇದನ್ನು ಓದಿ

ಲಂಡನ್ನಿನಲ್ಲಿ ನೆಲೆಸಿರುವ ನಾನು ಇಲ್ಲಿನ ಪುರಾತನ ವಸ್ತುಗಳ ವ್ಯಾಪಾರಿಯೊಬ್ಬರಿಂದ ಗೇಣುದ್ದದ ಕಲ್ಲಿನ ಮೂರ್ತಿಯೊಂದನ್ನು 1,800 ಪೌಂಡ್ ಕೊಟ್ಟು ಕೊಂಡೆ. ಅದು ಕ್ರಿಸ್ತಪೂರ್ವ 2500ರ ಸುಮಾರಿನ ಸುಮೇರಿಯನ್ ಅರ್ಚಕಿಯ, ಅಂದರೆ ಇಂದಿನ ದಕ್ಷಿಣ ಇರಾಕಿನಲ್ಲಿದ್ದ ಪ್ರಾಚೀನ ಸುಮೇರ್ ನಾಡಿನ ಅರ್ಚಕಿಯ ಶಿಲ್ಪವೆಂದು ಅವರು ಹೇಳಿದ್ದರು. ಐದು ತಿಂಗಳ ಬಳಿಕ ಅದು ಈಚೆಗೆ ಕೆತ್ತಿದ ನಕಲಿ ಎಂದು ತಿಳಿಯಿತು. ಪ್ರಾಚೀನ ವಸ್ತುಗಳ ಮೇಲೆ ಪ್ರೀತಿಯಿರುವ ಕನ್ನಡಿಗರು ಈ ದೇಶದಲ್ಲಿ ಹಲವರಿದ್ದಾರೆ. ಅವರಲ್ಲಿ ಯಾರೂ ಹೀಗೆ ಮೋಸಹೋಗಬಾರದೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ನನ್ನನ್ನು ಆ ಅಂಗಡಿಗೆ ಎಳೆದು ತಂದದ್ದು ಎನ್‌ಹೆದುವನ್ನಾ. ಸುಮೇರನ್ನೂ ಆಳಿದ ಅಕ್ಕಾಡ್ ರಾಜ್ಯದ ದೊರೆ ಸಾರ್ಗೋನನ ಮಗಳಾದ ಈಕೆ ಕ್ರಿಸ್ತಪೂರ್ವ 2300ರ ಸುಮಾರಿನಲ್ಲಿ ಉರ್ ನಗರದ ಚಂದ್ರದೇವ ನನ್ನಾನ ಪ್ರಧಾನ ಅರ್ಚಕಿಯಾಗಿದ್ದಳು. ಹೆಸರು ತಿಳಿದಿರುವ ಕವಿಗಳಲ್ಲಿ ಜಗತ್ತಿಗೇ ಮೊದಲಿಗಳೆಂದು ಅನೇಕ ವಿದ್ವಾಂಸರು ಅವಳನ್ನು ಗುರುತಿಸುತ್ತಾರೆ. ಅವಳ ರೂಪವನ್ನು ಕೆತ್ತಿರುವ ಅಲಬಾಸ್ಟರ್ ಬಿಲ್ಲೆಯೊಂದು 1927ರಲ್ಲಿ ಪುರಾತತ್ತ್ವಜ್ಞ ಲಿಯೊನಾರ್ಡ್ ವೂಲಿ ಅವರ ಉತ್ಖನನದಲ್ಲಿ ಒಡೆದ ಚೂರುಗಳಾಗಿ ಸಿಕ್ಕಿತು. ಈಗ ಅದು ಫಿಲಡೆಲ್ಫಿಯಾದ ಪೆನ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಚಿತ್ರವನ್ನು ವರ್ಷಗಟ್ಟಲೆ ನೋಡಿದ್ದ ನನಗೆ, ಅಂಥದೇ ದುಂಡು ಶಿರಪಟ್ಟಿ ಧರಿಸಿ, ಎದೆಯ ಮುಂದೆ ಕೈ ಜೋಡಿಸಿ ನಿಂತಿದ್ದ ಆ ಪುಟ್ಟ ಮೂರ್ತಿಯನ್ನು ಕಂಡಾಗ ವಿವೇಚನೆ ಉಳಿಯಲಿಲ್ಲ.

ವ್ಯಾಪಾರಿ ಒಂದು ಪ್ರಮಾಣಪತ್ರ ಕೊಟ್ಟರು. ‘1960ರ ದಶಕದಲ್ಲಿ ರೂಪುಗೊಂಡ ಯುರೋಪಿನ ಖಾಸಗಿ ಸಂಗ್ರಹದಿಂದ ಬಂದದ್ದು’ ಎಂಬ ಒಂದೇ ಸಾಲು ಅದರಲ್ಲಿತ್ತು. ಯಾರ ಸಂಗ್ರಹ, ಯಾವ ಜಾಗದಲ್ಲಿ ಅಗೆದು ತೆಗೆದದ್ದು, ಇರಾಕಿನಿಂದ ಯಾವಾಗ ಹೊರಬಂತು ಎಂಬ ಯಾವ ಪ್ರಶ್ನೆಗೂ ಅಲ್ಲಿ ಉತ್ತರವಿರಲಿಲ್ಲ, ನಾನೂ ಕೇಳಲಿಲ್ಲ.

ಸುಮೇರಿಯನ್ನರ ಬೆಣೆಯಾಕಾರದ ಕ್ಯೂನಿಫಾರ್ಮ್ ಲಿಪಿ ಓದಬಲ್ಲ ನಿವೃತ್ತ ವಿದ್ವಾಂಸರೊಬ್ಬರಿಗೆ ಅದನ್ನು ತೋರಿಸಿದ ದಿನ ಎಲ್ಲವೂ ಬಯಲಾಯಿತು. ಮೂರ್ತಿಯ ಎಡಭುಜದ ಮೇಲೆ ನಾಲ್ಕು ಸಾಲಿನ ಬರಹವಿತ್ತು; ಅರ್ಚಕಿ ದೇವರಿಗೆ ಸಲ್ಲಿಸಿದ ಹರಕೆಯ ಮಾತು ಅದು ಎಂದು ವ್ಯಾಪಾರಿ ವಿವರಿಸಿದ್ದರು. ವಿದ್ವಾಂಸರು ಅದನ್ನು ನಿಧಾನವಾಗಿ ಓದಿ ಹೇಳಿದರು: ‘ಉರ್-ನಮ್ಮು, ಉರ್‌ನ ದೊರೆ, ನನ್ನಾನ ದೇವಾಲಯವನ್ನು ಕಟ್ಟಿದವನು.’ ಕ್ರಿಸ್ತಪೂರ್ವ 2100ರ ಸುಮಾರಿನ ಆ ದೊರೆ ತನ್ನ ಕಟ್ಟಡಗಳ ಇಟ್ಟಿಗೆಗಳ ಮೇಲೆ ಒತ್ತಿಸಿದ ಮುದ್ರೆ ಅದು. ಅಂಥ ಇಟ್ಟಿಗೆಗಳು ಅನೇಕ ವಸ್ತುಸಂಗ್ರಹಾಲಯಗಳಲ್ಲಿವೆ, ಅವುಗಳ ಚಿತ್ರ ಯಾರಿಗೂ ಸುಲಭವಾಗಿ ಸಿಗುತ್ತದೆ. ಶಿಲ್ಪಿ ಅರ್ಥ ತಿಳಿಯದೆ ಅದನ್ನೇ ನಕಲು ಮಾಡಿದ್ದ. ಹೀಗೆ ಕ್ರಿಸ್ತಪೂರ್ವ 2500ರ ಕುಚ್ಚುಕುಚ್ಚಾದ ಉಣ್ಣೆಯ ಉಡುಗೆ, ಎರಡು ಶತಮಾನಗಳ ಅನಂತರದ ಶಿರಪಟ್ಟಿ, ಮತ್ತೆರಡು ಶತಮಾನಗಳ ಅನಂತರದ ಬರಹ ಒಂದೇ ಮೈಯಲ್ಲಿ ಸೇರಿಕೊಂಡಿದ್ದವು. ಭೂತಗನ್ನಡಿಯ ಕೆಳಗೆ ಉಡುಗೆಯ ಮಡಿಕೆಗಳಲ್ಲಿ ವಿದ್ಯುತ್ ಉಪಕರಣದ ಸಮಾನಾಂತರ ಗೀರುಗಳು ಕಂಡವು. ಮೂಗು ಮುರಿದ ಜಾಗದಲ್ಲಿ, ಕೆತ್ತಿದ ಮೈಯ ಮೇಲೆ, ಎಲ್ಲ ಕಡೆಯೂ ಒಂದೇ ಬಣ್ಣದ ಮಣ್ಣು ಅಂಟಿತ್ತು. ಅಂಟು ಕರಗಿಸುವ ಅಸಿಟೋನ್ ದ್ರವ ತಾಗಿದೊಡನೆ ಅದು ಅಂಟಿನ ಸಮೇತ ಬಿಟ್ಟುಬಂತು. ಆ ಕಾಲದ ಮೂರ್ತಿಗಳಲ್ಲಿ ಚಿಪ್ಪು ಮತ್ತು ನೀಲಿ ರಾಜಾವರ್ತ ಕಲ್ಲನ್ನು ನೈಸರ್ಗಿಕ ಡಾಂಬರಿನಿಂದ ಕಣ್ಣಿಗೆ ಕೂರಿಸುತ್ತಿದ್ದರು. ಇದರ ಕಣ್ಣಲ್ಲಿದ್ದದ್ದು ಕಪ್ಪು ಬಣ್ಣ ಬೆರೆಸಿದ ಇಂದಿನ ಅಂಟು.

ಅದು ಅಸಲಿಯಾಗಿದ್ದರೆ ನನ್ನ ಸ್ಥಿತಿ ಇನ್ನೂ ಕೆಟ್ಟದಾಗುತ್ತಿತ್ತು ಎಂದು ಆ ವಿದ್ವಾಂಸರು ಹೇಳಿದ್ದು ನನ್ನನ್ನು ಹೆಚ್ಚು ಕಲಕಿತು. 1990ರ ಆಗಸ್ಟ್ 6ರ ಬಳಿಕ ಇರಾಕಿನಿಂದ ಅಕ್ರಮವಾಗಿ ಸಾಗಿಸಿದ ಪ್ರಾಚೀನ ವಸ್ತುಗಳ ವ್ಯಾಪಾರವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 2003ರ 1483ನೇ ನಿರ್ಣಯ ತಡೆಯುತ್ತದೆ. ಬ್ರಿಟನ್ನಿನಲ್ಲಿ ಅಂಥ ವಸ್ತುವನ್ನು ಇಟ್ಟುಕೊಂಡವರೇ ತಮಗೆ ಅದು ತಿಳಿದಿರಲಿಲ್ಲ, ಸಂಶಯಿಸಲು ಕಾರಣವೂ ಇರಲಿಲ್ಲ ಎಂದು ಸಾಬೀತುಪಡಿಸಬೇಕು. 2003ರಲ್ಲಿ ಲಂಡನ್ನಿನ ವ್ಯಾಪಾರಿಯೊಬ್ಬರಿಂದ ಪೊಲೀಸರು ವಶಪಡಿಸಿಕೊಂಡ ಎಂಟು ಸಣ್ಣ ವಸ್ತುಗಳ ಕಥೆಯನ್ನು ಅವರು ನೆನಪಿಸಿದರು. ಅವುಗಳಲ್ಲಿದ್ದ ಶಂಕುವಿನ ಆಕಾರದ ಮಣ್ಣಿನ ವಸ್ತುಗಳ ಮೇಲಿನ ಬರಹವೇ ಅವು ಪ್ರಾಚೀನ ಗಿರ್ಸು, ಅಂದರೆ ಇಂದಿನ ತೆಲ್ಲೊದ ದೇವಾಲಯದವು ಎಂದು ತೋರಿಸಿಕೊಟ್ಟಿತು, 2018ರಲ್ಲಿ ಅವು ಇರಾಕಿಗೆ ಮರಳಿದವು. ನಮ್ಮ ಊರಿನ ಗುಡಿಯ ವಿಗ್ರಹ ಪರದೇಶದ ಮಾರುಕಟ್ಟೆಯಲ್ಲಿ ಕಂಡರೆ ನಮಗಾಗುವ ಸಂಕಟವೇ ಇರಾಕಿನವರಿಗೂ ಆಗುತ್ತದೆಂಬುದು ಕೊಳ್ಳುವಾಗ ನನ್ನ ಮನಸ್ಸಿಗೆ ಬರಲೇ ಇಲ್ಲ.

ಹಣ ಕೊಡುವ ವಿಷಯದಲ್ಲೂ ನಾನು ಎಡವಿದೆ. ಸ್ವಲ್ಪ ರಿಯಾಯಿತಿ ಸಿಗುತ್ತದೆಂದು ಬ್ಯಾಂಕಿನಿಂದ ನೇರವಾಗಿ ವರ್ಗಾಯಿಸಿದ್ದೆ. ಕ್ರೆಡಿಟ್ ಕಾರ್ಡಿನಿಂದ ಕೊಟ್ಟಿದ್ದರೆ, ಇಲ್ಲಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಕಾರ್ಡ್ ಕಂಪನಿಯ ಮೇಲೂ ಹಕ್ಕು ಸಾಧಿಸಬಹುದಿತ್ತು. ಆದ್ದರಿಂದ ಕೊಳ್ಳಲೇಬೇಕೆನ್ನುವವರು ಹಣ ಕೊಡುವ ಮೊದಲೇ ಹಿಂದಿನ ಮಾಲೀಕರ ಹೆಸರು, ಹಳೆಯ ರಸೀದಿ, ರಫ್ತು ಪರವಾನಗಿಗಳ ಪ್ರತಿಗಳನ್ನು ಬರಹದಲ್ಲಿ ಕೇಳಿ. ಅವು ಬಾರದಿದ್ದರೆ ಎದ್ದು ಬನ್ನಿ.

ಕೊನೆಗೆ ವ್ಯಾಪಾರಿ, ಮೂರ್ತಿಯನ್ನು ಹಿಂದಿರುಗಿಸಿ ಯಾರಿಗೂ ಹೇಳದಿದ್ದರೆ ಅರ್ಧ ಹಣ ಕೊಡುವುದಾಗಿ ಬರೆದರು. ಅದು ಮತ್ತೆ ಅದೇ ಗಾಜಿನ ಕಪಾಟಿಗೆ ಹೋಗುವುದು ಖಚಿತವಾಗಿದ್ದುದರಿಂದ ನಾನು ಒಪ್ಪಲಿಲ್ಲ. ಈಗ ಅದು ನನ್ನ ಮನೆಯಲ್ಲೇ ಇದೆ. ನನ್ನ ಬಳಿಕ ಯಾರೂ ಅದನ್ನು ಅಸಲಿಯೆಂದು ಮಾರದಂತೆ, ಅದರ ತಳದಲ್ಲಿ ‘ನಕಲು’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಆಳವಾಗಿ ಕೊರೆಸಿದ್ದೇನೆ.