ಟಿಎಸ್‌ಎಚ್ ನಾರ್ಮಲ್ ಬಂತು ಅಂತ ಸುಮ್ಮನಾಗಬೇಡಿ

ಹೆರಿಗೆಯಲ್ಲಿ ನನಗೆ ತುಂಬಾ ರಕ್ತ ಹೋಗಿತ್ತು. ನಾಲ್ಕು ಬಾಟಲಿ ರಕ್ತ ಕೊಟ್ಟು ಉಳಿಸಿಕೊಂಡರು. ಆಮೇಲೆ ಎದೆಹಾಲು ಬರಲೇ ಇಲ್ಲ, ಒಂದು ತೊಟ್ಟೂ ಇಲ್ಲ. ಮುಟ್ಟೂ ಶುರುವಾಗಲಿಲ್ಲ. ಬೇಸಿಗೆಯಲ್ಲೂ ಚಳಿ. ಮಗುವನ್ನು ಎತ್ತಿಕೊಳ್ಳಲೂ ತ್ರಾಣವಿರಲಿಲ್ಲ.

ಎರಡು ವರ್ಷದಲ್ಲಿ ಮೂವರು ಡಾಕ್ಟರಿಗೆ ತೋರಿಸಿದೆ. ಮೂವರೂ ಬರೆದುಕೊಟ್ಟಿದ್ದು ಥೈರಾಯ್ಡ್ ನೋಡಲು ಮಾಡಿಸುವ ರಕ್ತಪರೀಕ್ಷೆ ಟಿಎಸ್‌ಎಚ್ ಒಂದನ್ನೇ. ಪ್ರತಿ ಸಲವೂ ನಾರ್ಮಲ್. "ಏನೂ ಇಲ್ಲಮ್ಮ, ಬಾಣಂತಿ ಸುಸ್ತು, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ" ಅಂದರು. ನಂಬಿದೆ. ಹೆರಿಗೆಯಲ್ಲಿ ಏನಾಯಿತು ಅಂತ ಒಬ್ಬರೂ ಕೇಳಲಿಲ್ಲ. ಹೇಳಬೇಕು ಅಂತ ನನಗೂ ಹೊಳೆಯಲಿಲ್ಲ.

ಎಡವಟ್ಟಾಗಿದ್ದು ಇಲ್ಲೇ. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್. ಟಿಎಸ್‌ಎಚ್ ಹುಟ್ಟುವುದು ಥೈರಾಯ್ಡ್‌ನಲ್ಲಿ ಅಲ್ಲ, ಮೆದುಳಿನ ಬುಡದಲ್ಲಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ. ಥೈರಾಯ್ಡ್ ಸೋತರೆ ಪಿಟ್ಯುಟರಿ ಟಿಎಸ್‌ಎಚ್ ಏರಿಸುತ್ತದೆ, ರಿಪೋರ್ಟಿನಲ್ಲಿ ಕಾಣುತ್ತದೆ. ಪಿಟ್ಯುಟರಿಯೇ ಸೊರಗಿದ್ದರೆ ಏರಿಸುವವರು ಯಾರು? ಥೈರಾಯ್ಡ್ ಹಾರ್ಮೋನ್ ಇಳಿದಿದ್ದರೂ ಟಿಎಸ್‌ಎಚ್ ನಾರ್ಮಲ್ ಅಂತಲೇ ಬರಬಹುದು. ಜೊತೆಗೆ ಫ್ರೀ ಟಿ4, ಅಂದರೆ ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್, ಕೂಡ ನೋಡಲೇಬೇಕು.

ನಾಲ್ಕನೆಯವರು ನೋಡಿದರು. ಕಡಿಮೆ ಇತ್ತು. ಅವತ್ತೇ ಥೈರಾಯ್ಡ್ ಮಾತ್ರೆ ಬರೆದರು. ಕೊನೆಗೂ ಸಿಕ್ಕಿತಲ್ಲ ಅಂತ ಅತ್ತುಬಿಟ್ಟೆ. ಎರಡೇ ವಾರ. ವಾಂತಿ ಹತ್ತಿತು, ಬಿಪಿ ಇಳಿಯಿತು, ಬಚ್ಚಲಲ್ಲಿ ಬಿದ್ದೆ. ಐಸಿಯುನಲ್ಲಿ ಕಾರ್ಟಿಸಾಲ್ (ಬಿಪಿ ಕಾಯುವ, ಜೀವಕ್ಕೇ ಬೇಕಾದ ಹಾರ್ಮೋನ್) ನೋಡಿದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಾರ್ಟಿಸಾಲ್ ಮಾಡುವ ಅಡ್ರಿನಲ್ ಗ್ರಂಥಿಗೂ ಪಿಟ್ಯುಟರಿಯೇ ಹೇಳಿಕಳಿಸಬೇಕು. ಥೈರಾಯ್ಡ್ ಮಾತ್ರೆ ಇದ್ದಬದ್ದ ಕಾರ್ಟಿಸಾಲನ್ನೂ ಬೇಗ ಖರ್ಚು ಮಾಡಿಸುತ್ತದೆ. ಇದು ಜೀವಕ್ಕೇ ಕುತ್ತು. ಆದ್ದರಿಂದ ಪಿಟ್ಯುಟರಿ ಮೇಲೆ ಅನುಮಾನವಿದ್ದರೆ ಬೆಳಿಗ್ಗೆ 8ರ ಹೊತ್ತಿನ ಕಾರ್ಟಿಸಾಲ್ ಪರೀಕ್ಷೆ ಮೊದಲು. ಅದು ಕಡಿಮೆಯಿದ್ದರೆ ಕಾರ್ಟಿಸಾಲ್ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್ ಮೊದಲು, ಥೈರಾಯ್ಡ್ ಮಾತ್ರೆ ಆಮೇಲೆ. ದಯವಿಟ್ಟು ಈ ಕ್ರಮವನ್ನು ಬರೆದಿಟ್ಟುಕೊಳ್ಳಿ.

ಎಂಆರ್‌ಐ ಆದ ಮೇಲೆ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಕಾಯಿಲೆಯ ಹೆಸರು ಹೇಳಿದರು: ಶೀಹಾನ್ ಸಿಂಡ್ರೋಮ್. ಹೆರಿಗೆಯಲ್ಲಿ ವಿಪರೀತ ರಕ್ತ ಹೋದಾಗ ಪಿಟ್ಯುಟರಿಗೆ ರಕ್ತ ಸಾಲದೆ ಅದು ಹಾಳಾಗುತ್ತದೆ. ಎಷ್ಟೋ ಸಲ ಹಾಲು ಬರದಿರುವುದೇ ಮೊದಲ ಸುಳಿವು. ಈ ಕಾಯಿಲೆಯನ್ನು 1937ರಲ್ಲೇ ವಿವರಿಸಿದ್ದಾರಂತೆ. ನನಗೆ ಈಗಲೂ ಹೊಟ್ಟೆ ಉರಿಯುವುದು ಅದಕ್ಕೇ. ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು, ಅಲ್ವಾ?

ನಿಮಗೂ ಹೀಗೇ ಆಗಿದ್ದರೆ ಹೆರಿಗೆಯ ಡಿಸ್ಚಾರ್ಜ್ ಸಮ್ಮರಿ ಹಿಡಿದುಕೊಂಡೇ ಎಂಡೋಕ್ರೈನಾಲಜಿಸ್ಟ್ ಹತ್ತಿರ ಹೋಗಿ. ಅವರು ಕೇಳದಿದ್ದರೂ ಹೇಳಿ.

ಇನ್ನೊಂದು ಮಾತು. ಚಿಕಿತ್ಸೆ ಶುರುವಾದ ಮೇಲೆ ನಮ್ಮಂಥವರ ಟಿಎಸ್‌ಎಚ್ ತೀರಾ ಕಡಿಮೆ ಕಾಣಬಹುದು. ಹೋದ ತಿಂಗಳು ಜ್ವರಕ್ಕೆ ತೋರಿಸಲು ಹೋದಾಗ ಒಬ್ಬರು ಅದನ್ನು ನೋಡಿ ಥೈರಾಯ್ಡ್ ಡೋಸ್ ಅರ್ಧ ಮಾಡಿ ಅಂದರು. ನಾನು ಮಾಡಲಿಲ್ಲ. ನಮ್ಮ ಡೋಸ್ ನಿರ್ಧಾರವಾಗುವುದು ಫ್ರೀ ಟಿ4 ಮೇಲೆ. ನಿಮ್ಮ ಎಂಡೋಕ್ರೈನಾಲಜಿಸ್ಟ್ ಅನ್ನು ಕೇಳದೆ ಯಾವ ಮಾತ್ರೆಯನ್ನೂ ಇಳಿಸಬೇಡಿ, ನಿಲ್ಲಿಸಬೇಡಿ.