ರೂಟರಿಗೊಂದು ಪುಟ್ಟ ಯುಪಿಎಸ್: ಎರಡು ಬೇಸಿಗೆ ದಾಟಿದ ಮೇಲೆ

ಕರೆಂಟ್ ಹೋದಾಗ ಹೋಗುವ ನೆಟ್ ಬೇರೆ, ಕರೆಂಟ್ ಇದ್ದೂ ಹೋಗುವ ನೆಟ್ ಬೇರೆ. ರೂಟರಿಗೆ ಸಿಕ್ಕಿಸುವ 12 ವೋಲ್ಟಿನ ಪುಟ್ಟ ಯುಪಿಎಸ್ ಮೊದಲನೆಯದಕ್ಕೆ ಮಾತ್ರ ಮದ್ದು. ಇದನ್ನು ತಿಳಿಯದೆ ಕೊಂಡವರು ಮೊದಲ ಮಳೆಗೇ ಡಬ್ಬಿಯನ್ನು ಬೈಯುತ್ತಾರೆ. ದಾವಣಗೆರೆಯಲ್ಲಿ ಎರಡು ಬೇಸಿಗೆ, ಎರಡು ಮಳೆಗಾಲ ಬಳಸಿದ ಮೇಲಿನ ವಿಮರ್ಶೆ ಇದು. ಬ್ರ್ಯಾಂಡ್ ಹೆಸರು ಬರೆದಿಲ್ಲ. ಸಾವಿರ ಚಿಲ್ಲರೆಯಿಂದ ಎರಡು ಸಾವಿರದವರೆಗೆ ಸಿಗುವ ಈ ಡಬ್ಬಿಗಳನ್ನು ಬಿಚ್ಚಿದರೆ ಒಳಗೆ ಹೆಚ್ಚುಕಡಿಮೆ ಒಂದೇ ಸಾಮಾನು: ಎರಡೋ ಮೂರೋ ಲಿಥಿಯಂ ಸೆಲ್, ಒಂದು ಸಣ್ಣ ಸರ್ಕ್ಯೂಟ್ ಬೋರ್ಡ್.

ಮನೆಯಲ್ಲಿ ಆಗಲೇ ದೊಡ್ಡ ಇನ್ವರ್ಟರ್ ಇದ್ದರೆ ಇದನ್ನು ಕೊಳ್ಳಲೇಬೇಡಿ. 150 ಎಎಚ್ ಬ್ಯಾಟರಿಯಲ್ಲಿ ಸುಮಾರು 1800 ವ್ಯಾಟ್-ಅವರ್ ಇರುತ್ತದೆ, ಅಂದರೆ ಒಂದು ವ್ಯಾಟಿನ ಸಾಮಾನನ್ನು 1800 ಗಂಟೆ ಓಡಿಸುವಷ್ಟು ಶಕ್ತಿ. ರೂಟರ್ ತಿನ್ನುವುದು ಆರೇಳು ವ್ಯಾಟ್. ಎಲೆಕ್ಟ್ರಿಷಿಯನ್‌ಗೆ ಹೇಳಿ ರೂಟರಿನ ಸಾಕೆಟ್ಟನ್ನು ಇನ್ವರ್ಟರ್ ಲೈನಿಗೆ ಹಾಕಿಸಿದರೆ ಮುಗಿಯಿತು. ಕರೆಂಟ್ ಹೋದ ಕ್ಷಣ ರೂಟರ್ ಆಫ್ ಆಗಿ ಮತ್ತೆ ಆನ್ ಆಗುತ್ತಿದ್ದರೆ, ಇನ್ವರ್ಟರಿನ ಹಿಂದೆ ಇರುವ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿ. ಇನ್ನೊಂದು ಮೋಡ್‌ನಲ್ಲಿ ಲೈನ್ ಬದಲಾಗಲು ಹೆಚ್ಚು ಹೊತ್ತು ಬೇಕು. ಲೈಟು, ಫ್ಯಾನುಗಳಿಗೆ ಅದು ಗೊತ್ತೇ ಆಗುವುದಿಲ್ಲ, ರೂಟರ್ ಮಾತ್ರ ತಡೆಯುವುದಿಲ್ಲ. ಬೆಸ್ಕಾಂನವರು ಪೇಪರಿನಲ್ಲಿ ‘ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ’ ಎಂದು ಹಾಕಿದ ದಿನ ಇಡೀ ಹೊತ್ತು ತಳ್ಳುವುದು ದೊಡ್ಡ ಇನ್ವರ್ಟರಿಗೆ ಮಾತ್ರ ಸಾಧ್ಯ.

ಇನ್ವರ್ಟರ್ ಇಲ್ಲದ ಮನೆ, ಬಾಡಿಗೆ ರೂಮು, ವಿದ್ಯಾನಗರದ ಕಡೆ ಕಾಲೇಜು ಹುಡುಗರು ಹಂಚಿಕೊಂಡಿರುವ ಮನೆ, ಇಂಥ ಕಡೆ ಪುಟ್ಟ ಡಬ್ಬಿ ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ.

ಎಷ್ಟು ಹೊತ್ತು ಬರುತ್ತದೆ ಎನ್ನುವುದಕ್ಕೆ ಪೆಟ್ಟಿಗೆ ಮೇಲಿನ ‘4 ಗಂಟೆ’, ‘6 ಗಂಟೆ’ ನಂಬಬೇಡಿ, ಲೆಕ್ಕ ಹಾಕಿ. 2000 ಎಂಎಎಚ್‌ನ ಮೂರು ಸೆಲ್ ಇದ್ದರೆ ಜಾಹೀರಾತಿನಲ್ಲಿ 6000 ಎಂಎಎಚ್ ಎಂದಿರುತ್ತದೆ. ಆದರೆ ಅದು ಸೆಲ್ಲಿನ 3.7 ವೋಲ್ಟಿನ ಲೆಕ್ಕ, 12 ವೋಲ್ಟಿನದಲ್ಲ. ಅಂದರೆ ಒಟ್ಟು 22 ವ್ಯಾಟ್-ಅವರ್. 12 ವೋಲ್ಟಿಗೆ ಏರಿಸುವಾಗ ಒಂದಷ್ಟು ಶಾಖವಾಗಿ ಹೋಗಿ ಕೈಗೆ ಸಿಗುವುದು 18-19. ಏಳು ವ್ಯಾಟಿನ ರೂಟರಿಗೆ ಇದು ಎರಡೂವರೆ ಗಂಟೆ. ಹೊಸದರಲ್ಲಿ ಸಿಕ್ಕಿದ್ದೂ ಅಷ್ಟೇ. ಎರಡನೇ ಬೇಸಿಗೆ ಮುಗಿಯುವ ಹೊತ್ತಿಗೆ ಒಂದೂವರೆ ಗಂಟೆಗೆ ಇಳಿದಿದೆ. ನಮ್ಮೂರಿನ ಏಪ್ರಿಲ್ ಸೆಕೆಗೆ ಲಿಥಿಯಂ ಸೆಲ್ ಇಷ್ಟು ಸವೆಯುವುದು ಸಹಜ. ಮುಚ್ಚಿದ ಟಿವಿ ಕಪಾಟಿನೊಳಗೆ, ಅದೂ ಬಿಸಿ ರೂಟರಿನ ಬೆನ್ನ ಮೇಲೆ ಇಟ್ಟರೆ ಇನ್ನೂ ಬೇಗ ಸವೆಯುತ್ತದೆ. ಗೋಡೆಗೆ ಮೊಳೆ ಹೊಡೆದು ಗಾಳಿಯಾಡುವಂತೆ ಪಕ್ಕದಲ್ಲಿ ತೂಗುಹಾಕಿ.

ಕೊಳ್ಳುವ ಮುನ್ನ ರೂಟರಿನ ಅಡಾಪ್ಟರ್ ತಿರುಗಿಸಿ ‘ಔಟ್‌ಪುಟ್’ ಸಾಲು ಓದಿ. ಫೈಬರ್ ರೂಟರುಗಳಲ್ಲಿ ಹೆಚ್ಚಿನವು 12 ವೋಲ್ಟ್, 1ರಿಂದ 2 ಆಂಪ್. ಹಳೆಯ ಕೆಲವು 9 ವೋಲ್ಟಿನವು. ಅವಕ್ಕೆ 12 ವೋಲ್ಟ್ ಕೊಟ್ಟರೆ ಸುಟ್ಟು ಹೋಗಬಹುದು. ಫೈಬರ್ ಪೆಟ್ಟಿಗೆಯೇ ಬೇರೆ, ವೈಫೈ ರೂಟರ್ರೇ ಬೇರೆ ಇರುವ ಮನೆಯಲ್ಲಿ ಎರಡು ಔಟ್‌ಪುಟ್ ಇರುವ ಯುಪಿಎಸ್ ಬೇಕು. ಒಂದಕ್ಕೆ ಮಾತ್ರ ಹಾಕಿದರೆ ದೀಪ ಉರಿಯುತ್ತದೆ, ನೆಟ್ ಬರುವುದಿಲ್ಲ. ಪಿನ್ನಿನ ಅಳತೆಯನ್ನೂ ನೋಡಿ, ಸಾಮಾನ್ಯವಾಗಿ ಎರಡು ಬಗೆ. ಹೊರಗಿನ ಸುತ್ತು ಎರಡರದ್ದೂ 5.5 ಮಿ.ಮೀ., ನಡುವಿನ ತೂತು 2.1 ಅಥವಾ 2.5. 2.5ರ ಪಿನ್ 2.1ರ ರೂಟರಿಗೆ ಸಲೀಸಾಗಿ ಹೋಗುತ್ತದೆ, ಆದರೆ ಸಡಿಲ. ಕಸ ಗುಡಿಸುವಾಗ ವೈರಿಗೆ ಪೊರಕೆ ತಗುಲಿದರೂ ರೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಕಾರಣ ಬಹುಪಾಲು ಇದೇ.

ಈ ಡಬ್ಬಿಗಳ ಮೇಲೆ ಅತಿ ಹೆಚ್ಚು ಕೇಳಿಬರುವ ದೂರು ‘ಕರೆಂಟ್ ಬಂದ ಮೇಲೆ ರೂಟರ್ ಪದೇ ಪದೇ ಆಫ್ ಆಗುತ್ತದೆ’ ಎನ್ನುವುದು. ತಪ್ಪು ಸಾಮಾನ್ಯವಾಗಿ ಯುಪಿಎಸ್‌ನದಲ್ಲ, ಅಡಾಪ್ಟರಿನದು. ರೂಟರ್ ಜೊತೆ ಬಂದ 1 ಆಂಪ್ ಅಡಾಪ್ಟರನ್ನೇ ಯುಪಿಎಸ್‌ಗೆ ಚುಚ್ಚಿರುತ್ತಾರೆ. ಬ್ಯಾಟರಿ ಪೂರ್ತಿ ಖಾಲಿಯಾದ ಮೇಲೆ ಕರೆಂಟ್ ಬಂದರೆ ಅದು ಚಾರ್ಜೂ ಮಾಡಬೇಕು, ರೂಟರನ್ನೂ ಓಡಿಸಬೇಕು. ಒಂದೇ ಎತ್ತಿಗೆ ಎರಡು ಗಾಡಿ ಕಟ್ಟಿದ ಹಾಗೆ. ವೋಲ್ಟೇಜ್ ಕುಸಿದು ರೂಟರ್ ಕಣ್ಣು ಮುಚ್ಚುತ್ತದೆ. 12 ವೋಲ್ಟ್ 2 ಆಂಪ್ ಅಡಾಪ್ಟರ್ ಬೇರೆ ತಂದು ಹಾಕಿದರೆ ಈ ಕಾಟ ನಿಲ್ಲುತ್ತದೆ. ಹಳೆಯದನ್ನು ಎಸೆಯಬೇಡಿ. ಯುಪಿಎಸ್ ಕೈಕೊಟ್ಟ ದಿನ ರೂಟರಿಗೆ ನೇರ ಹಾಕಲು ಅದೇ ಬೇಕು.

ಇನ್ನು ಈ ಡಬ್ಬಿಯ ಕೈಗೆ ಎಟುಕದ ಭಾಗ. ನಿಮ್ಮ ರೂಟರ್ ಎಚ್ಚರವಾಗಿದ್ದರೆ ಸಾಲದು, ಆಚೆ ತುದಿಯೂ ಎಚ್ಚರವಿರಬೇಕು. ಕಂಪನಿಯ ಕೇಂದ್ರದಿಂದ ಮನೆವರೆಗೆ ಪೂರ್ತಿ ಫೈಬರ್ ಬಂದಿದ್ದರೆ ನಡುವಿನ ಕಂಬದ ಮೇಲಿನ ಸ್ಪ್ಲಿಟರಿಗೆ ಕರೆಂಟೇ ಬೇಡ, ಅದು ಬರೀ ಬೆಳಕನ್ನು ಹಂಚುವ ಗಾಜು. ಆದರೆ ಕೆಲವು ಕೇಬಲ್‌ನವರು ಬೀದಿ ಕೊನೆಯ ಯಾರದೋ ಮನೆಯಲ್ಲಿ ಸ್ವಿಚ್ (ಹಲವು ಮನೆಗಳಿಗೆ ನೆಟ್ ಹಂಚುವ ಪೆಟ್ಟಿಗೆ) ಇಟ್ಟು ಅಲ್ಲಿಂದ ತಾಮ್ರದ ವೈರು ಎಳೆದಿರುತ್ತಾರೆ. ಆ ಸ್ವಿಚ್ಚಿಗೆ ಬ್ಯಾಟರಿ ಇಲ್ಲದಿದ್ದರೆ ಬೀದಿಯ ಕರೆಂಟ್ ಹೋದ ಕೂಡಲೇ ನೆಟ್ ಹೋಗುತ್ತದೆ, ನಿಮ್ಮ ಯುಪಿಎಸ್ ಅಲಂಕಾರಕ್ಕೆ. ಪತ್ತೆ ಹಚ್ಚುವುದು ಸುಲಭ: ಇನ್ವರ್ಟರ್ ಇರುವ ನೆರೆಮನೆಯವರೂ ಅದೇ ಕಂಪನಿಯವರ ಗಿರಾಕಿಯಾಗಿದ್ದರೆ, ಕರೆಂಟ್ ಹೋದಾಗ ಅವರಿಗೆ ನೆಟ್ ಇರುತ್ತದೆಯೇ ಎಂದು ಕೇಳಿ. ಇಲ್ಲ ಎಂದರೆ ದುಡ್ಡು ಉಳಿಸಿಕೊಳ್ಳಿ.

ಎರಡನೆಯದು ಕೇಬಲ್ ಹರಿಯುವುದು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ನೆಟ್ ವೈರಿಗೆ ಮಾತ್ರ ಆ ಗಾಳಿಮಳೆ ಕತ್ತರಿ. ಕಂಬದಿಂದ ಕಂಬಕ್ಕೆ ಜೋತುಬಿದ್ದ ವೈರಿನ ಮೇಲೆ ಕೊಂಬೆ ಬೀಳುತ್ತದೆ, ರಸ್ತೆ ಅಗೆಯುವ ಜೆಸಿಬಿ ನೆಲದೊಳಗಿನದನ್ನು ಎತ್ತಿ ಹಾಕುತ್ತದೆ, ಅಳಿಲು ಕಡಿಯುತ್ತದೆ, ಕೋತಿ ಜೋಕಾಲಿ ಆಡುತ್ತದೆ. ಆಗ ರೂಟರಿನ ದೀಪ ನೋಡಿ. ಎಲ್‌ಒಎಸ್ ಎಂದು ಬರೆದಿರುವುದು ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ. ಹತ್ತು ಸಲ ಆಫ್-ಆನ್ ಮಾಡಿದರೂ ಬರುವುದಿಲ್ಲ. ಹಸಿರು ಕನೆಕ್ಟರ್ ‘ಟಿಕ್’ ಎನ್ನುವವರೆಗೆ ಒತ್ತಿ, ವೈರು ಕುರ್ಚಿ ಕಾಲಿಗೋ ಬಾಗಿಲ ಸಂದಿಗೋ ಸಿಕ್ಕಿ ಮಡಚಿದೆಯೇ ನೋಡಿ, ಇಷ್ಟು ಸಾಕು. ಬಿಚ್ಚಿದ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ. ಆ ಬೆಳಕು ಕಣ್ಣಿಗೆ ಕಾಣದ್ದು, ಆದರೆ ಲೇಸರ್. ಪಿಒಎನ್ ಎಂದು ಬರೆದಿರುವ ದೀಪ ಹಸಿರಾಗಿ ನಿಂತಿದ್ದೂ ನೆಟ್ ಇಲ್ಲದಿದ್ದರೆ ವೈರು ಸರಿಯಿದೆ, ತೊಂದರೆ ಕಂಪನಿಯ ಕಡೆ ಇದೆ, ಅಥವಾ ಪ್ಲಾನ್ ಮುಗಿದಿದೆ. ಬೈಯುವ ಮುಂಚೆ ರೀಚಾರ್ಜ್ ದಿನಾಂಕ ನೋಡಿಕೊಳ್ಳುವುದು ಮರ್ಯಾದೆಗೆ ಒಳ್ಳೆಯದು.

ಒಂದು ಕೆಲಸವನ್ನಂತೂ ಮಾಡಲೇಬೇಡಿ. ರೂಟರಿನ ಹಿಂದಿನ ಸಣ್ಣ ತೂತಿಗೆ ಸೇಫ್ಟಿ ಪಿನ್ ಚುಚ್ಚಿ ರೀಸೆಟ್ ಮಾಡುವುದು. ಕಂಪನಿಯವರು ತುಂಬಿಸಿಟ್ಟ ಯೂಸರ್ ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಬಹುದು. ಕಂಬದ ಮೇಲಿನ ವೈರು ಸರಿಯಾದ ಮೇಲೂ ನಿಮ್ಮ ಮನೆಗೆ ಮಾತ್ರ ನೆಟ್ ಬರುವುದಿಲ್ಲ.

ದೂರು ಕೊಡುವಾಗ ‘ನೆಟ್ ಇಲ್ಲ ಸರ್’ ಎಂದರೆ ರೀಸ್ಟಾರ್ಟ್ ಮಾಡಿ ಎನ್ನುವ ಉತ್ತರ ಸಿಗುತ್ತದೆ. ‘ಎಲ್‌ಒಎಸ್ ಕೆಂಪು, ಕನೆಕ್ಟರ್ ಒತ್ತಿ ನೋಡಿದ್ದೇವೆ, ಪಕ್ಕದ ಮನೆಗೂ ಇಲ್ಲ’ ಎಂದರೆ ಜಾಯಿಂಟ್ ಮಾಡುವ ಮಿಷನ್ ಹಿಡಿದವನೇ ಬರುವ ಸಂಭವ ಹೆಚ್ಚು. ದೂರಿನ ನಂಬರ್ ಬರೆದುಕೊಳ್ಳಿ. ಮಳೆ ಬಂದಾಗ ಮಾತ್ರ ನೆಟ್ ಹೋಗಿ ಬಿಸಿಲಿಗೆ ತಾನೇ ಬರುತ್ತಿದ್ದರೆ ಹೊರಗಿನ ಯಾವುದೋ ಜಾಯಿಂಟಿಗೆ ನೀರು ಸೇರಿರಬಹುದು. ಫೈಬರಿನಿಂದ ರೂಟರಿಗೆ ಬರುವ ಬೆಳಕಿನ ಅಳತೆ ಅದರ ಸೆಟ್ಟಿಂಗ್ ಪುಟದಲ್ಲಿ ಇರುತ್ತದೆ. ಮೈನಸ್ 15ರಿಂದ 25 ಡಿಬಿಎಂ ಆದರೆ ಚಿಂತೆಯಿಲ್ಲ. ಮೈನಸ್ 27 ದಾಟಿದ್ದರೆ ಆ ಪುಟದ ಫೋಟೋ ತೆಗೆದು ಕಳಿಸಿ, ಹೊಸದಾಗಿ ಜಾಯಿಂಟ್ ಮಾಡಿಸಿ.

ಕೇಬಲ್ ಹರಿದ ದಿನ ಗತಿ ಮೊಬೈಲೇ. ಹಾಟ್‌ಸ್ಪಾಟ್‌ಗೆ ಮನೆಯ ವೈಫೈನ ಹೆಸರು, ಪಾಸ್‌ವರ್ಡನ್ನೇ ಮೊದಲೇ ಇಟ್ಟುಕೊಂಡಿದ್ದರೆ ಲ್ಯಾಪ್‌ಟಾಪ್, ಟಿವಿ ಎಲ್ಲವೂ ತಾವಾಗಿಯೇ ಅಂಟಿಕೊಳ್ಳುತ್ತವೆ. ಆದರೆ ಆಗ ರೂಟರ್ ಆಫ್ ಇರಬೇಕು. ಯುಪಿಎಸ್ ಇರುವ ಮನೆಯಲ್ಲಿ ಇದನ್ನು ಮರೆತು, ಸತ್ತ ವೈಫೈಗೇ ಕನೆಕ್ಟ್ ಆಗಿ ಒದ್ದಾಡುವುದು ಸಾಮಾನ್ಯ. ಒಂದೇ ಲ್ಯಾಪ್‌ಟಾಪ್ ಆದರೆ ಹಾಟ್‌ಸ್ಪಾಟ್‌ಗಿಂತ ಯುಎಸ್‌ಬಿ ಕೇಬಲ್ ಮೂಲಕ ಫೋನಿನ ನೆಟ್ ಕೊಡುವುದು ಲೇಸು, ಫೋನೂ ಚಾರ್ಜ್ ಆಗುತ್ತಿರುತ್ತದೆ. ವಿಂಡೋಸ್‌ನಲ್ಲಿ ಆ ಕನೆಕ್ಷನ್ನನ್ನು ‘ಮೀಟರ್ಡ್’ (ಡೇಟಾ ಮಿತವಾಗಿ ಬಳಸಬೇಕಾದದ್ದು) ಎಂದು ಗುರುತಿಸದಿದ್ದರೆ ಅಪ್‌ಡೇಟ್ ಒಂದೇ ಇಡೀ ದಿನದ ಡೇಟಾ ನುಂಗಬಹುದು. ವಿಡಿಯೋ ಮೀಟಿಂಗ್ ಗಂಟೆಗೆ ಒಂದು ಜಿಬಿ ಆಸುಪಾಸು ತಿನ್ನುತ್ತದೆ, ದಿನಕ್ಕೆ ಒಂದೂವರೆ ಜಿಬಿಯ ಪ್ಲಾನ್‌ನಲ್ಲಿ ಮಕ್ಕಳ ಎರಡು ಕ್ಲಾಸ್ ಮುಗಿಯುವುದು ಕಷ್ಟ. ಕ್ಯಾಮೆರಾ ಮುಚ್ಚಿ ಮಾತಿಗಷ್ಟೇ ಬಳಸಿದರೆ ಅದರ ಸಣ್ಣ ಪಾಲು ಸಾಕು. ಎರಡನೇ ಸಿಮ್ ಬೇರೆ ಕಂಪನಿಯದೇ ಇರಲಿ, ಮನೆಯ ಫೈಬರ್ ಕಂಪನಿಯದೇ ಸಿಮ್ ಆದರೆ ಎರಡೂ ಒಟ್ಟಿಗೆ ಮಲಗುವ ಅಪಾಯ ಇದೆ. ಮೊಬೈಲ್ ಡೇಟಾ ಕೂಡ ನಿಂತರೆ ಬ್ಯಾಂಕಿಗೆ ಜೋಡಿಸಿದ ನಂಬರಿನಿಂದ, ಸಿಮ್ ಕಂಪನಿಯೂ ಬ್ಯಾಂಕೂ ಈ ಸೇವೆ ಕೊಡುತ್ತಿದ್ದರೆ, *99# ಒತ್ತಿ ನೆಟ್ ಇಲ್ಲದೆ ಯುಪಿಐ ಹಣ ಕಳಿಸಬಹುದು. ಮೊದಲೇ ಒಮ್ಮೆ ನೋಂದಾಯಿಸಿ ಅಭ್ಯಾಸ ಮಾಡಿಕೊಂಡಿರಿ, ಕಿರಾಣಿ ಅಂಗಡಿ ಮುಂದೆ ನಿಂತು ಮೊದಲ ಸಲ ಕಲಿಯುವಂಥದ್ದಲ್ಲ ಅದು.

ಯುಪಿಎಸ್ ವಿಷಯಕ್ಕೆ ಮರಳಿದರೆ, ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಎಷ್ಟು ನಿಮಿಷ ತಾಳುತ್ತದೆ ಎಂದು ನೋಡಿ, ದಿನಾಂಕದ ಜೊತೆ ಡಬ್ಬಿಯ ಮೇಲೇ ಬರೆಯಿರಿ. ಮುಕ್ಕಾಲು ಗಂಟೆಗಿಂತ ಕೆಳಗಿಳಿದರೆ ಬದಲಾಯಿಸುವ ಕಾಲ. ಸೆಲ್ ಮಾತ್ರ ಬದಲಿಸಲು ಹೋಗಿ ನೇರ ಬೆಸುಗೆ ಹಾಕಿದರೆ ಶಾಖಕ್ಕೆ ಸೆಲ್ ಹಾಳಾಗುತ್ತದೆ, ಸ್ಪಾಟ್ ವೆಲ್ಡಿಂಗ್ ಮಿಷನ್ ಇರುವವರಲ್ಲೇ ಮಾಡಿಸಬೇಕು. ಡಬ್ಬಿ ಉಬ್ಬಿ ಅಂಚು ಬಿಟ್ಟಿದ್ದರೆ, ಮುಟ್ಟಿದಾಗ ಮಾಮೂಲಿಗಿಂತ ಬಿಸಿ ಎನಿಸಿದರೆ, ಅದೇ ದಿನ ಪ್ಲಗ್ ತೆಗೆದು ಮನೆಯ ಹೊರಗೆ ನೆರಳಿನಲ್ಲಿಡಿ. ಕಸದ ಗಾಡಿಗೆ ಹಾಕಬೇಡಿ, ಗಾಡಿಯಲ್ಲಿ ಜಜ್ಜಿದರೆ ಲಿಥಿಯಂ ಸೆಲ್ ಬೆಂಕಿ ಹಿಡಿಯಬಹುದು. ಹಳೇ ಬ್ಯಾಟರಿ ತೆಗೆದುಕೊಳ್ಳುವ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಕೊಡಿ.