ಪೀಣ್ಯದ ಒಂದು ಗೇಜ್ ಕ್ಯಾಲಿಬ್ರೇಷನ್ ಲ್ಯಾಬ್: ಬೆಂಚಿನ ಕೆಲಸ ಗಟ್ಟಿ, ಕಾಗದ ಸಡಿಲ

ಪ್ರೆಶರ್ ಗೇಜ್ ಕ್ಯಾಲಿಬ್ರೇಷನ್ (ಒತ್ತಡದ ಮಾಪಕ ಸರಿ ತೋರಿಸುತ್ತದೆಯೇ ಎಂದು ತಾಳೆ ನೋಡುವುದು) ಅಂತ ಬೋರ್ಡ್ ಹಾಕಿಕೊಂಡವರು ಪೀಣ್ಯದಲ್ಲಿ ಬೇಕಾದಷ್ಟಿದ್ದಾರೆ. ಕೆಲವರದು ಬರೀ ಸ್ಟಿಕ್ಕರ್ ವ್ಯಾಪಾರ. ಪೀಣ್ಯ ಎರಡನೇ ಹಂತದ ಈ ಸಣ್ಣ ಲ್ಯಾಬ್ ಹಾಗಲ್ಲ. ಕೊಟ್ಟದ್ದು 0–10 ಬಾರ್‌ನ, 1.6 ಕ್ಲಾಸಿನ (ಪೂರ್ತಿ ಅಳತೆಯ 1.6% ತನಕ ತಪ್ಪಲು ಅವಕಾಶವಿರುವ) ಮೂರು ಗೇಜು, ಜೊತೆಗೊಂದು ವ್ಯಾಕ್ಯೂಮ್ ಗೇಜು.

ಗೇಜನ್ನು ಪರೀಕ್ಷೆಯ ಪಂಪಿಗೆ ಕೂರಿಸುವಾಗಲೇ ಕೈಗುಣ ಗೊತ್ತಾಗುತ್ತದೆ. ತಳಕ್ಕೆ ತಾಮ್ರದ ವಾಷರ್ ಹಾಕುತ್ತಾರೆ, ಟೆಫ್ಲಾನ್ ಟೇಪ್ ಸುತ್ತುವುದಿಲ್ಲ. ಉದ್ದಕ್ಕೂ ಒಂದೇ ದಪ್ಪದ ಪ್ಯಾರಲಲ್ ಥ್ರೆಡ್ಡಿಗೆ ಟೇಪ್ ಬೇಕಿಲ್ಲ. ಅದರ ಚೂರು ಒಳಗಿನ ಸಣ್ಣ ತೂತಿಗೆ ಸಿಕ್ಕಿಕೊಂಡರೆ ಮುಳ್ಳು ತಡವಾಗಿ ಏಳುತ್ತದೆ. ಸ್ಪ್ಯಾನರ್ ಬೀಳುವುದೂ ಗೇಜಿನ ಬುಡದ ಚೌಕದ ಮೇಲೆಯೇ, ಗೇಜಿನ ಡಬ್ಬಿ ಹಿಡಿದು ತಿರುಗಿಸುವವರಲ್ಲ.

ಎರಡು-ಮೂರು ಸಲ ಪೂರ್ತಿ ಏರಿಸಿ ಇಳಿಸಿದ ಮೇಲೆ 0, 2.5, 5, 7.5, 10 ಬಾರ್. ಅದೇ ಬಿಂದುಗಳು ಇಳಿಯುವಾಗಲೂ. ಒಂದೊಂದರಲ್ಲೂ ಗಾಜು ತಟ್ಟುವ ಮೊದಲು ಒಂದು ರೀಡಿಂಗ್, ಮೆಲ್ಲಗೆ ತಟ್ಟಿದ ಮೇಲೆ ಇನ್ನೊಂದು. ನಡುವಿನ ಅಂತರವೇ ಒಳಗಿನ ಘರ್ಷಣೆ. ಏರುವಾಗ 5 ದಾಟಿ ಹೋಯಿತೋ, ಅಲ್ಲಿಂದಲೇ ಹಿಂದೆಳೆದು 5ಕ್ಕೆ ತರುವುದಿಲ್ಲ. ಕೆಳಗಿಳಿಸಿ ಮತ್ತೆ ಏರಿಸುತ್ತಾರೆ. ಹಿಂದೆಳೆದರೆ ಏರಿಕೆಯ ಕಾಲಮ್ಮಿನಲ್ಲಿ ಇಳಿಕೆಯ ರೀಡಿಂಗ್ ಸೇರಿಕೊಳ್ಳುತ್ತದೆ.

ಈ ಕ್ಲಾಸಿಗೆ ರಿಯಾಯಿತಿ ±0.16 ಬಾರ್. ಮೊದಲನೆಯದು ಎಲ್ಲ ಕಡೆ 0.2 ಹೆಚ್ಚು ತೋರಿಸುತ್ತಿತ್ತು: ಮುಳ್ಳು ಕಿತ್ತು ಸರಿಯಾಗಿ ಕೂರಿಸಿದರೆ ಮುಗಿಯಿತು. ಎರಡನೆಯದು ಸೊನ್ನೆಯಲ್ಲಿ ಸರಿ, 5ಕ್ಕೆ 5.1, 10ಕ್ಕೆ 10.2. ಒತ್ತಡ ಏರಿದಂತೆ ತಪ್ಪೂ ಏರುವ ಇದು ಸ್ಪ್ಯಾನ್ ದೋಷ, ಮುಳ್ಳು ಮುಟ್ಟಿ ಪ್ರಯೋಜನವಿಲ್ಲ. ಮುಳ್ಳನ್ನು ತಿರುಗಿಸುವ ಹಲ್ಲಿನ ತುಂಡಾದ ಸೆಕ್ಟರಿನ ಬಾಲದಲ್ಲಿರುವ ಸ್ಕ್ರೂ ಸಡಿಲಿಸಿ, ಅದನ್ನು ಒಳಗಿನ ಬಾಗಿದ ಕೊಳವೆಗೆ ಜೋಡಿಸುವ ಲಿಂಕನ್ನು ತಿರುಗುಬಿಂದುವಿನಿಂದ ಕೂದಲೆಳೆಯಷ್ಟು ಹೊರಕ್ಕೆ ಸರಿಸಿದರು. ಮುಳ್ಳಿನ ಓಟ ತಗ್ಗಿತು. ಮೂರನೆಯದು ಏರುವಾಗ 5.0, ಇಳಿಯುವಾಗ 5.24. ಒತ್ತಡಕ್ಕೆ ಬಿಚ್ಚಿಕೊಳ್ಳುವ ಆ ಕೊಳವೆ, ಬೋರ್ಡಾನ್ ಟ್ಯೂಬೇ ದಣಿದಿದೆ, ಯಾವ ಸ್ಕ್ರೂವೂ ಸರಿಮಾಡದು. ಅದನ್ನು ಮಧ್ಯಕ್ಕೆ ಹೊಂದಿಸಿ ಪಾಸ್ ಮಾಡದೆ ರಿಜೆಕ್ಟ್ ಅಂತಲೇ ಬರೆದುಕೊಟ್ಟರು. ಇದಕ್ಕೇ ಪೂರ್ತಿ ಅಂಕ.

ಹೆಚ್ಚಿನ ಒತ್ತಡಕ್ಕೆ, ಪಿಸ್ಟನ್ ಮೇಲೆ ತೂಕ ಹೇರಿ ಗೊತ್ತಿರುವ ಒತ್ತಡ ಹುಟ್ಟಿಸುವ ಡೆಡ್‌ವೇಟ್ ಟೆಸ್ಟರ್ ಇದೆ. ಅದರ ತೂಕಗಳ ಮೇಲೆ ಕೊರೆದ ಅಂಕಿ 9.80665 ಗುರುತ್ವಕ್ಕೆ, ಬೆಂಗಳೂರಿನದು ಸುಮಾರು 9.78. ತಿದ್ದದಿದ್ದರೆ 100 ಬಾರ್ ಅಂದದ್ದು ನಿಜವಾಗಿ 99.73. 1.6 ಕ್ಲಾಸಿಗೆ ಇದು ಲೆಕ್ಕಕ್ಕಿಲ್ಲ, 0.25 ಕ್ಲಾಸಿನ ಗೇಜಿಗೆ ಮಾತ್ರ ಪಾಸು ಫೇಲಾಗುವಷ್ಟು. ಇಲ್ಲಿ ತಿದ್ದುಪಡಿಯನ್ನು ಸರ್ಟಿಫಿಕೇಟಿನಲ್ಲೇ ಕಾಣಿಸುತ್ತಾರೆ.

ಆದರೆ ಅದೇ ಸರ್ಟಿಫಿಕೇಟಿನ ಇನ್ನೊಂದು ಪುಟ ನಗು ತರಿಸುತ್ತದೆ. ವ್ಯಾಕ್ಯೂಮ್ ಗೇಜಿಗೆ −1 ಬಾರ್‌ನಲ್ಲಿ ರೀಡಿಂಗ್ ತೆಗೆದಂತೆ ಬರೆದಿತ್ತು. 920 ಮೀಟರ್ ಎತ್ತರದ ಈ ಊರಲ್ಲಿ ವಾತಾವರಣದ ಒತ್ತಡವೇ ಸುಮಾರು 0.91 ಬಾರ್, ಇರುವುದಕ್ಕಿಂತ ಹೆಚ್ಚು ಎಳೆಯುವ ಪಂಪು ಇನ್ನೂ ಹುಟ್ಟಿಲ್ಲ. ಹಳೇ ಫಾರ್ಮ್ಯಾಟಿನಿಂದ ಉಳಿದುಬಂದ ಸಾಲಿರಬೇಕು. ತೋರಿಸಿದ ಮೇಲೆ −0.85ಕ್ಕೆ ಹೊಸದಾಗಿ ರೀಡಿಂಗ್ ತೆಗೆದು ಕೊಟ್ಟರು. ಇನ್ನೊಂದು ಕೊರತೆ: ಹೊಂದಿಸುವ ಮುಂಚಿನ ರೀಡಿಂಗುಗಳನ್ನು ಕೇಳದಿದ್ದರೆ ಕೊಡುವುದಿಲ್ಲ. ಆ ಅಂಕಿಗಳಿಲ್ಲದೆ ಹೋದ ವರ್ಷವಿಡೀ ಲೈನಿನಲ್ಲಿ ಗೇಜು ಎಷ್ಟು ಸುಳ್ಳು ಹೇಳಿತ್ತೆಂದು ತಿಳಿಯುವ ದಾರಿಯೇ ಇಲ್ಲ. ಅವು ಬೇಕೆಂದು ಚಲನ್ ಮೇಲೆಯೇ ಬರೆದು ಕೊಡಿ.

ಆಕ್ಸಿಜನ್ ಗೇಜು ಇದ್ದರೆ ಅದನ್ನೂ ಮೊದಲೇ ಹೇಳಿ, ಬೇರೆ ಕಟ್ಟಿ ಕೊಡಿ. ಬೆಂಚಿನ ಮೇಲಿರುವುದು ಎಣ್ಣೆಯ ಪಂಪು, ಗೇಜಿನೊಳಗೆ ಉಳಿದ ಎಣ್ಣೆ ಆಕ್ಸಿಜನ್ ತಗುಲಿದರೆ ಹೊತ್ತಿಕೊಳ್ಳಬಹುದು.